ನಡುವಿಗೆ ತಗುಲದ ಚೆಂಡು

ಐವತ್ತೈದರ ಆಸುಪಾಸಿನಲ್ಲಿ ಅಮೆರಿಕದ ಹೊವಾರ್ಡ್ ಹೆಡ್‌ಗೆ ಟೆನಿಸ್ ಹುಚ್ಚು ಹಿಡಿಯಿತು. ಹಣವಿತ್ತು, ಬಿಡುವಿತ್ತು, ಪಾಠ ಹೇಳಿಕೊಡುವವರೂ ಇದ್ದರು. ಬಾರದಿದ್ದುದು ಆಟ ಮಾತ್ರ. ಚೆಂಡು ರ‍್ಯಾಕೆಟ್ಟಿನ ನಡುವಿಗೆ ಬೀಳುವ ಬದಲು ಅಂಚಿಗೆ ಬೀಳುತ್ತಿತ್ತು. ರ‍್ಯಾಕೆಟ್ ಮುಷ್ಟಿಯೊಳಗೇ ತಿರುಚಿಕೊಳ್ಳುತ್ತಿತ್ತು. ಚೆಂಡು ಎಲ್ಲಿಗೋ ಹೋಗುತ್ತಿತ್ತು. ಬೇರೆ ಯಾರೇ ಆಗಿದ್ದರೂ ‘ಈ ವಯಸ್ಸಿಗೆ ಇಷ್ಟೇ’ ಎಂದು ಸುಮ್ಮನಾಗುತ್ತಿದ್ದರು. ಹೆಡ್ ತಪ್ಪನ್ನು ರ‍್ಯಾಕೆಟ್ಟಿನ ಮೇಲೆ ಹೊರಿಸಿದ.

ಕುಣಿಯಲಾರದವಳು ನೆಲ ಡೊಂಕು ಎಂದಂತಾಯಿತಲ್ಲ ಎಂದು ನಗಬಹುದು. ಆದರೆ ಈ ಮನುಷ್ಯ ಹಿಂದೆಯೂ ಒಮ್ಮೆ ಹೀಗೇ ಹೇಳಿ ಗೆದ್ದಿದ್ದ. 1914ರಲ್ಲಿ ಹುಟ್ಟಿದ ಹೆಡ್ ಹಾರ್ವರ್ಡ್‌ನಲ್ಲಿ ಓದಿದವನು. ಬರವಣಿಗೆಯ ಕೆಲಸಗಳಲ್ಲಿ ನೆಲೆ ನಿಲ್ಲಲಾಗದೆ ಅಭಿರುಚಿ ಪರೀಕ್ಷೆಯೊಂದಕ್ಕೆ ಕುಳಿತಾಗ, ವಸ್ತುಗಳ ರಚನೆಯನ್ನು ಮನಸ್ಸಿನಲ್ಲೇ ಕಾಣುವ ಶಕ್ತಿ ಅವನಲ್ಲಿ ಹೆಚ್ಚಿದೆ ಎಂದು ತಿಳಿಯಿತು. ಬಾಲ್ಟಿಮೋರ್‌ನ ಗ್ಲೆನ್ ಮಾರ್ಟಿನ್ ವಿಮಾನ ಕಾರ್ಖಾನೆಯಲ್ಲಿ ರಿವೆಟ್ ಹೊಡೆಯುವ ಕೆಲಸಕ್ಕೆ ಸೇರಿ, ಮುಂದೆ ಎಂಜಿನಿಯರ್ ಆದ. ಮಗ ಏನು ಓದಬೇಕೆಂದು ನೆರೆಮನೆಯವರನ್ನು ಕೇಳಿ ನಿರ್ಧರಿಸುವ ತಂದೆತಾಯಿಗಳು ಇಲ್ಲೊಂದು ಕ್ಷಣ ನಿಲ್ಲಬಹುದು.

1947ರಲ್ಲಿ ಹಿಮದ ಮೇಲೆ ಜಾರುವ ಸ್ಕೀ ಆಟಕ್ಕೆ ಹೋಗಿ ಬಿದ್ದು ಎದ್ದ ಹೆಡ್, ದೋಷ ಮರದ ಸ್ಕೀಯದು ಎಂದ. ವಿಮಾನಕ್ಕೆ ಬಳಸುವ ಅಲ್ಯೂಮಿನಿಯಂ ಹಾಳೆಗಳಿಂದ ಸ್ಕೀ ಮಾಡಲು ಹೊರಟ. ಬಂಡವಾಳ, ಇಸ್ಪೀಟಿನಲ್ಲಿ ಗೆದ್ದ 6,000 ಡಾಲರ್. (ವಿದ್ಯಾರ್ಥಿಗಳು ಈ ಭಾಗವನ್ನು ಅನುಸರಿಸಬೇಕಾಗಿಲ್ಲ.) ಮೊದಲ ಆರು ಜೊತೆಗಳೂ ಪರೀಕ್ಷೆಯಲ್ಲೇ ಮುರಿದವು. ಮುರಿದುದನ್ನು ನೋಡುವುದು, ಮತ್ತೆ ಮಾಡುವುದು, ಅದೂ ಮುರಿಯುವುದು ಹೀಗೆ ಸುಮಾರು ಮೂರು ವರ್ಷ ಕಳೆಯಿತು. ಕೊನೆಗೆ ಗಟ್ಟಿಯಾಗಿ ನಿಂತ ಸ್ಕೀ ಅವನನ್ನು ಶ್ರೀಮಂತನನ್ನಾಗಿಸಿತು. 1969ರಲ್ಲಿ ಕಂಪನಿ ಮಾರಿ ನಿವೃತ್ತನಾದ. ಆಗ ಬಂತು ಟೆನಿಸ್.

ರ‍್ಯಾಕೆಟ್ ತಿರುಚಿಕೊಳ್ಳುವುದೇಕೆ? ಹಿಡಿಯಿಂದ ತುದಿಯವರೆಗೆ ರ‍್ಯಾಕೆಟ್ಟಿನ ಉದ್ದಕ್ಕೆ ಒಂದು ಗೆರೆ ಎಳೆದಿದೆ ಎಂದುಕೊಳ್ಳಿ. ಚೆಂಡು ಆ ಗೆರೆಯ ಮೇಲೆ ಬಿದ್ದರೆ ತೊಂದರೆಯಿಲ್ಲ. ಎರಡು ಮೂರು ಸೆಂಟಿಮೀಟರ್ ಆಚೆ ಬಿದ್ದರೆ ರ‍್ಯಾಕೆಟ್ ಆ ಗೆರೆಯ ಸುತ್ತ ತಿರುಗುತ್ತದೆ. ಹೊಡೆತದ ಶಕ್ತಿಯಲ್ಲಿ ಒಂದಷ್ಟು ಆ ತಿರುಗುವಿಕೆಗೇ ಖರ್ಚಾಗುತ್ತದೆ. ಮುಖ ಓರೆಯಾದ್ದರಿಂದ ಚೆಂಡಿನ ದಿಕ್ಕೂ ತಪ್ಪುತ್ತದೆ. ಗಟ್ಟಿಯಾಗಿ ಹಿಡಿ ಎಂದು ತರಬೇತುದಾರ ಎಷ್ಟು ಕೂಗಿದರೂ ಇಲ್ಲಿ ಹೆಚ್ಚು ಪ್ರಯೋಜನವಿಲ್ಲ. ಚೆಂಡು ತಂತಿಗಳ ಮೇಲಿರುವುದು ಸೆಕೆಂಡಿನ ಸುಮಾರು 200ನೇ ಒಂದು ಭಾಗ ಮಾತ್ರ. ಏನಾಯಿತೆಂದು ಮಿದುಳಿಗೆ ತಿಳಿಯುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ.

ಹಾಗಾದರೆ ತಿರುಗದಂತೆ ತಡೆಯುವುದು ಹೇಗೆ? ಅಡುಗೆಮನೆಯಿಂದ ಸಮ ತೂಕದ ಎರಡು ಉಂಡೆ ಚಪಾತಿ ಹಿಟ್ಟು ತಂದು ಒಂದಡಿ ಸ್ಕೇಲಿಗೆ ಅಂಟಿಸಿ. ಮೊದಲು ಎರಡನ್ನೂ ನಡುವಿನ ಹತ್ತಿರ ಇಟ್ಟು, ಸ್ಕೇಲನ್ನು ನಡುವೆ ಹಿಡಿದು ಅತ್ತಿತ್ತ ವೇಗವಾಗಿ ತಿರುಗಿಸಿ. ಆಮೇಲೆ ಉಂಡೆಗಳನ್ನು ಎರಡು ತುದಿಗೆ ಸರಿಸಿ ಹಾಗೆಯೇ ಮಾಡಿ. ತೂಕ ಅಷ್ಟೇ ಇದ್ದರೂ ಈಗ ತಿರುಗಿಸುವುದು ಕಷ್ಟ. ತಿರುಗುವುದಕ್ಕೆ ವಸ್ತು ಒಡ್ಡುವ ಜಡತ್ವ, ದ್ರವ್ಯರಾಶಿಯ ಜೊತೆಗೆ ದೂರದ ವರ್ಗವನ್ನೂ ಅವಲಂಬಿಸಿದೆ. ದೂರ ಎರಡರಷ್ಟಾದರೆ ಜಡತ್ವ ನಾಲ್ಕರಷ್ಟು.

ರ‍್ಯಾಕೆಟ್ಟಿನ ಬದಿಗಳಿಗೆ ಸೀಸ ಕಟ್ಟಿದರೂ ತಿರುಚುವುದು ಕಡಿಮೆಯಾದೀತು, ಆದರೆ ತೋಳು ಸೋತುಹೋಗುತ್ತದೆ. ಹೆಡ್ ಹಿಡಿದದ್ದು ಆ ವರ್ಗದ ಲೆಕ್ಕವನ್ನು. ತೂಕವನ್ನು ಹೆಚ್ಚಿಸದೆ, ಚೌಕಟ್ಟನ್ನೇ ನಡುಗೆರೆಯಿಂದ ದೂರ ಸರಿಸಿದರೆ ಸಾಕು. ಅಗಲ ಕಾಲು ಪಾಲು ಹೆಚ್ಚಾದರೆ, 1.25ರ ವರ್ಗ 1.56, ತಿರುಚುವುದನ್ನು ತಡೆಯುವ ಗುಣ ಒಂದೂವರೆ ಪಟ್ಟಿಗೂ ಮಿಕ್ಕಿ ಹೆಚ್ಚುತ್ತದೆ. ಅಗಲವನ್ನು ಸುಮಾರು ಎರಡು ಅಂಗುಲ ಹೆಚ್ಚಿಸಿದ. ತಂತಿ ಬಿಗಿದ ಭಾಗವನ್ನು ಹಿಡಿಯ ಕಡೆಗೂ ಮೂರು ಅಂಗುಲ ಇಳಿಸಿದ. ಒಟ್ಟು ಉದ್ದ ಹಳೆಯದೇ. ಸುಮಾರು 70 ಚದರ ಅಂಗುಲವಿದ್ದ ಹೊಡೆಯುವ ಜಾಗ 110ಕ್ಕೆ ಏರಿತು.

ಕೆಳಕ್ಕೆ ಇಳಿಸಿದ್ದರಿಂದ ಇನ್ನೊಂದು ಲಾಭವಾಯಿತು. ರ‍್ಯಾಕೆಟ್ಟಿನಲ್ಲಿ ಚೆಂಡು ಅತಿ ಚುರುಕಾಗಿ ಪುಟಿಯುವ ಜಾಗ ಇರುವುದು ನಟ್ಟನಡುವೆಯಲ್ಲ, ಹಿಡಿಯ ಕಡೆಗೆ. ಹಳೆಯ ರ‍್ಯಾಕೆಟ್ಟಿನಲ್ಲಿ ತಂತಿ ಮುಗಿಯುತ್ತಿದ್ದ ಅಂಚಿನ ಬಳಿ ಆ ಜಾಗ ಅರೆಬರೆಯಾಗಿ ಸಿಕ್ಕುತ್ತಿತ್ತು. ಈಗ ಪೂರ್ತಿಯಾಗಿ ತಂತಿಯೊಳಗೆ ಬಂತು. ಆಟಗಾರರು ‘ಸ್ವೀಟ್ ಸ್ಪಾಟ್’ ಎನ್ನುವ ಒಳ್ಳೆಯ ಜಾಗ ಹಲವು ಪಟ್ಟು ದೊಡ್ಡದಾಯಿತು.

ಇಷ್ಟು ಸರಳ ಉಪಾಯ ಅದುವರೆಗೆ ಬಳಕೆಗೆ ಬರಲಿಲ್ಲವೇಕೆ? ನಿಯಮದ ಅಡ್ಡಿಯೇನೂ ಇರಲಿಲ್ಲ. ಆಗ ರ‍್ಯಾಕೆಟ್ಟಿನ ಗಾತ್ರಕ್ಕೆ ನಿಯಮವೇ ಇರಲಿಲ್ಲ. ಅಡ್ಡಿಯಾದದ್ದು ಮರ. ಒಂದೊಂದು ತಂತಿಯೂ ಇಪ್ಪತ್ತೈದು ಕಿಲೋ ತೂಕ ನೇತುಹಾಕಿದಷ್ಟು ಬಿಗಿಯಾಗಿರುತ್ತದೆ. ಅಂಥ ಹತ್ತಾರು ತಂತಿಗಳ ಎಳೆತವನ್ನು ದೊಡ್ಡ, ಹಗುರ ಮರದ ಚೌಕಟ್ಟು ತಾಳಲಾರದು. ಚಿಕ್ಕ ರ‍್ಯಾಕೆಟ್ಟೇ ಸೊಟ್ಟಗಾಗದಿರಲೆಂದು ನಾಲ್ಕು ತಿರುಪಿನ ಚೌಕಟ್ಟಿನಲ್ಲಿ ಬಿಗಿದಿಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಟೊಳ್ಳು ಅಲ್ಯೂಮಿನಿಯಂ ಆ ಕಟ್ಟನ್ನು ಬಿಡಿಸಿತು.

ಹೆಡ್ ಆ ವೇಳೆಗೆ ಪ್ರಿನ್ಸ್ ಎಂಬ ಚಿಕ್ಕ ಕಂಪನಿಯ ಮುಖ್ಯಸ್ಥನಾಗಿದ್ದ. ಅಭ್ಯಾಸಕ್ಕೆಂದು ಕೊಂಡಿದ್ದ, ಚೆಂಡೆಸೆಯುವ ಯಂತ್ರ ಅವರದು. ಅದನ್ನು ತಿದ್ದಲು ಹೋಗಿ ಕಂಪನಿಯೊಳಗೇ ಸೇರಿಕೊಂಡಿದ್ದ! 1976ರಲ್ಲಿ ಹೊಸ ರ‍್ಯಾಕೆಟ್ ಮಾರುಕಟ್ಟೆಗೆ ಬಂತು. ಆಟ ಬಾರದವರ ಊರುಗೋಲು ಎಂದು ನಕ್ಕವರಿದ್ದರು. 1978ರ ಅಮೆರಿಕನ್ ಓಪನ್‌ನಲ್ಲಿ ಹದಿನಾರರ ಹುಡುಗಿ ಪ್ಯಾಮ್ ಶ್ರೈವರ್ ಅದೇ ರ‍್ಯಾಕೆಟ್ ಹಿಡಿದು ನವ್ರಾಟಿಲೋವಾರನ್ನು ಸೋಲಿಸಿ ಫೈನಲ್ ತಲುಪಿದಳು. ಫೈನಲ್‌ನಲ್ಲಿ ಕ್ರಿಸ್ ಎವರ್ಟ್‌ಗೆ ಸೋತಳು, ನಿಜ. ಆದರೆ ನಗು ನಿಂತಿತು.

ರ‍್ಯಾಕೆಟ್ ದೊಡ್ಡದಾದರೆ ಆಟ ತಾನಾಗಿ ಬಂದುಬಿಡುವುದಿಲ್ಲ. ಬಹಳ ದೊಡ್ಡದರಲ್ಲಿ ಹತೋಟಿ ಕಡಿಮೆ ಎಂದು ನುರಿತವರು ಹಿಂಜರಿದರು. ರೋಜರ್ ಫೆಡರರ್ ಬಹುಕಾಲ ಆಡಿದ್ದು 90 ಚದರ ಅಂಗುಲದ ರ‍್ಯಾಕೆಟ್ಟಿನಲ್ಲಿ. ಅವರ ಹೊಡೆತಗಳೂ ಆಗಾಗ ಅಂಚಿಗೆ ತಗುಲಿ ಎತ್ತಲೋ ಹಾರುತ್ತಿದ್ದವು. 2014ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಅವರು 97ಕ್ಕೆ ಬದಲಾಯಿಸಿಕೊಂಡರು. 1976ರ ಪೇಟೆಂಟಿನಲ್ಲಿ ಹೆಡ್ ತನ್ನದೆಂದು ಬರೆಸಿಕೊಂಡಿದ್ದ ಅಳತೆ, 85ರಿಂದ 130 ಚದರ ಅಂಗುಲ.