ನಮ್ಮೂರಿನ ಲೆಕ್ಕ, ಪರವೂರಿನ ಲೆಕ್ಕ

ಡೆನ್ವರಿನಲ್ಲಿರುವ ಮಗಳ ಮನೆಗೆ ಹೋದ ಮೊದಲ ವಾರ ನನ್ನವಳದು ಒಂದೇ ದೂರು: ತೆರೆದ ಪಾತ್ರೆಯಲ್ಲಿ ಅನ್ನ ಬೇಗ ಬೇಯುವುದಿಲ್ಲ. ಆ ಊರು ಸಮುದ್ರಮಟ್ಟದಿಂದ ಒಂದು ಮೈಲಿ, ಅಂದರೆ 5,280 ಅಡಿ ಮೇಲಿದೆ. ನಮ್ಮ ಕೆಮ್ಮಣ್ಣುಗುಂಡಿಗಿಂತ ಎತ್ತರ, ಮುಳ್ಳಯ್ಯನಗಿರಿಗಿಂತ ತಗ್ಗು. ಗಾಳಿ ತೆಳು, ನೀರು ಸುಮಾರು 95 ಡಿಗ್ರಿಗೇ ಕುದಿಯುತ್ತದೆ. ಅದೇ ಗಾಳಿ ಬೇಸ್‌ಬಾಲ್ ಆಟದಲ್ಲೂ ಕಿತಾಪತಿ ಮಾಡುತ್ತದೆ ಎಂದು ನನಗೆ ಹೇಳಿಕೊಟ್ಟವನು ಹನ್ನೊಂದು ವರ್ಷದ ಮೊಮ್ಮಗ.

ಅವನು ನನ್ನನ್ನು ಕೂರ್ಸ್ ಫೀಲ್ಡ್ ಮೈದಾನಕ್ಕೆ ಎಳೆದುಕೊಂಡು ಹೋದ. ಮೇಲಿನ ಅಂತಸ್ತಿನಲ್ಲಿ ಒಂದು ಸಾಲಿನ ಕುರ್ಚಿಗಳಿಗೆ ಮಾತ್ರ ನೇರಳೆ ಬಣ್ಣ. ಒಂದು ಮೈಲಿ ಎತ್ತರದ ಗುರುತು ಅದು. ಅಲ್ಲಿ ಹೊಡೆದ ಚೆಂಡು ಬಹಳ ದೂರ ಹಾರುತ್ತದೆ. ಅದಕ್ಕೆಂದೇ ಮೈದಾನವನ್ನು ದೊಡ್ಡದಾಗಿ ಕಟ್ಟಿದರು. ಆಗ ಚೆಂಡು ಬೀಳಲು ಖಾಲಿ ಜಾಗವೂ ಹೆಚ್ಚಾಯಿತು! ಒಟ್ಟಿನಲ್ಲಿ ಬ್ಯಾಟು ಹಿಡಿದವನಿಗೆ ಹಬ್ಬ.

ಮೊಮ್ಮಗನ ಕೋಣೆಯಲ್ಲಿ 33ನೇ ನಂಬರಿನ ಅಂಗಿಯೊಂದು ತೂಗುತ್ತಿತ್ತು. ಅದು ಲ್ಯಾರಿ ವಾಕರನ ನಂಬರು. ಕೆನಡಾದವನು, ಹುಡುಗನಾಗಿದ್ದಾಗ ಐಸ್ ಹಾಕಿ ಗೋಲಿ ಆಗಬೇಕೆಂದಿದ್ದವನು. ಬೇಸ್‌ಬಾಲಿನಲ್ಲಿ ಸರಾಸರಿಯನ್ನು ಸಾವಿರಕ್ಕೆ ಇಷ್ಟು ಎಂದು ಹೇಳುತ್ತಾರೆ. 300 ದಾಟಿದರೆ ಒಳ್ಳೆಯ ಆಟಗಾರ. ವಾಕರ್ ಕೂರ್ಸ್ ಫೀಲ್ಡಿನಲ್ಲಿ 381. ಆದರೆ ಪರವೂರಿನ ಆಟಗಳನ್ನಷ್ಟೇ ಕೂಡಿದರೆ 278.

ನಿವೃತ್ತ ಆಟಗಾರರಿಗೆ ಹಾಲ್ ಆಫ್ ಫೇಮ್ ಎಂಬ ದೊಡ್ಡ ಗೌರವವಿದೆ. ಪತ್ರಕರ್ತರು ಮತ ಹಾಕಬೇಕು, ನೂರಕ್ಕೆ 75 ಬರಬೇಕು, ಹತ್ತು ವರ್ಷದೊಳಗೆ ಬರಬೇಕು. 2011ರಲ್ಲಿ ವಾಕರನಿಗೆ ಬಂದದ್ದು 20. 2014ರಲ್ಲಿ ಬರೀ 10. ‘ಹೊಡೆದದ್ದು ಡೆನ್ವರಿನ ಗಾಳಿ, ಅವನಲ್ಲ’ ಎನ್ನುವುದು ಅನೇಕರ ವಾದ.

ಇದನ್ನು ಕೇಳಿ ನನಗೆ ಚುರುಕ್ಕೆಂದಿತು. ಅಡಿಕೆ ಪೇಟೆಯ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಮನೆಮನೆ ಸುತ್ತಿ ಠೇವಣಿ ತಂದಿದ್ದೆ. ಬಡ್ತಿಯ ಸಂದರ್ಶನದಲ್ಲಿ ಸಾಹೇಬರೊಬ್ಬರು ನಕ್ಕರು: “ಅದು ಅಡಿಕೆ ತಂದ ದುಡ್ಡು ಕಣ್ರೀ, ನೀವು ತಂದದ್ದಲ್ಲ.” ಬಡ್ತಿ ಸಿಗಲಿಲ್ಲ. ಮುಂದೆ ಬಯಲುಸೀಮೆಗೆ ವರ್ಗವಾಯಿತು. ಅಲ್ಲಿ ನಿಜವಾಗಿಯೂ ಠೇವಣಿ ಬರಲಿಲ್ಲ. ಸಾಹೇಬರೇ ಸರಿ ಎಂದು ಎಷ್ಟೋ ವರ್ಷ ನಂಬಿದ್ದೆ.

ಮೊಮ್ಮಗ ಒಪ್ಪಲಿಲ್ಲ. ಕಿತ್ತಳೆಹಣ್ಣೊಂದನ್ನು ಬೆರಳಲ್ಲಿ ತಿರುಗಿಸುತ್ತ ವಿವರಿಸಿದ. ಎಸೆಯುವವನು ಚೆಂಡನ್ನು ತಿರುಗಿಸಿ ಬಿಡುತ್ತಾನೆ, ಗಾಳಿ ಅದನ್ನು ಬಾಗಿಸುತ್ತದೆ. ಡೆನ್ವರಿನಲ್ಲಿ ಗಾಳಿ ತೆಳುವಾದ್ದರಿಂದ ಚೆಂಡು ಬಾಗುವುದೂ ಕಡಿಮೆ. ವಾರವಿಡೀ ಅದಕ್ಕೆ ಕಣ್ಣು ಒಗ್ಗಿದವನು ತಗ್ಗಿನ ಊರಿಗೆ ಹೋದರೆ ಅದೇ ಚೆಂಡು ಗಕ್ಕನೆ ತಿರುಗುತ್ತದೆ, ಬ್ಯಾಟು ಬರೀ ಗಾಳಿಗೆ ಬೀಸುತ್ತದೆ. ಅಂದಮೇಲೆ 381 ಹಿಗ್ಗಿದ ಲೆಕ್ಕವಾದರೆ 278 ಕುಗ್ಗಿದ ಲೆಕ್ಕವಾಗಿರಬಹುದಲ್ಲ? ಲೆಡ್ಜರ್ ಬರೆದು ಸವೆದ ನನಗೆ ಇದು ಹೊಳೆದೇ ಇರಲಿಲ್ಲ. ಬಯಲುಸೀಮೆಯಲ್ಲಿ ಯಾವ ತಿಂಗಳು ಯಾರ ಕೈಯಲ್ಲಿ ದುಡ್ಡು ಓಡಾಡುತ್ತದೆ ಎಂದು ಅರ್ಥವಾಗುವ ಹೊತ್ತಿಗೆ ನನಗೆ ಮತ್ತೆ ವರ್ಗವಾಗಿತ್ತು.

“ಇದನ್ನು ನೋಡಜ್ಜ” ಎಂದು ಅವನು 1997ರ ಅಂಕಿ ತೋರಿಸಿದ. ಆ ವರ್ಷ ವಾಕರ್ ತನ್ನ ಲೀಗಿನ ಅತ್ಯುತ್ತಮ ಆಟಗಾರನೆನಿಸಿದ್ದ. ಹೊಡೆದ ಹೋಮ್ ರನ್ 49. ಅದರಲ್ಲಿ ತನ್ನ ಮೈದಾನದಲ್ಲಿ 20, ಪರವೂರುಗಳಲ್ಲಿ 29! ನಾನು ಹಳೆಯ ಅಭ್ಯಾಸದಂತೆ ಎರಡು ಸಲ ಕೂಡಿ ನೋಡಿದೆ.

2020, ಹತ್ತನೆಯ ಹಾಗೂ ಕೊನೆಯ ಅವಕಾಶ. ವಾಕರನಿಗೆ 76.6 ಬಂತು, ಪಾಸಾದ! ಸುದ್ದಿ ಬಂದ ದಿನ ಅವನು ತೊಟ್ಟಿದ್ದು ಸ್ಪಾಂಜ್‌ಬಾಬ್ ಕಾರ್ಟೂನಿನ ಅಂಗಿಯಂತೆ. ಮೊಮ್ಮಗನಿಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ಇದೇ.

“ಅಜ್ಜ, ನಿನಗೆ ಆಮೇಲೆ ಆಫೀಸರ್ ಕೆಲಸ ಕೊಟ್ಟರಾ?”

“ಇಲ್ಲಪ್ಪ, ಗುಮಾಸ್ತನಾಗಿಯೇ ನಿವೃತ್ತನಾದೆ.”

ಅವನು ಸ್ವಲ್ಪ ಯೋಚಿಸಿ ಕೇಳಿದ: “ನಿನಗೆ ಎಷ್ಟು ಪರ್ಸೆಂಟ್ ಬಂದಿತ್ತು?”