ಎರಡನೇ ಕೀಪರ್

ಟೆನ್ನಿಸ್ ಬಾಲ್ ಕ್ರಿಕೆಟ್ಟಿಗೆ ಕೀಪಿಂಗ್ ಗ್ಲೌಸ್ ಬೇಕಾಗಿಯೇ ಇಲ್ಲ. ಆದರೂ ನಮ್ಮ ಮಣ್ಣೂರಿನ ತಂಡಕ್ಕೆ ಒಂದು ಜೊತೆ ಗ್ಲೌಸ್ ಇತ್ತು. ಹತ್ತು, ಇಪ್ಪತ್ತು ರೂಪಾಯಿಯ ಪಟ್ಟಿ ಎತ್ತಿ ಕಲಬುರಗಿಯಿಂದ ತಂದದ್ದು. 2011ರ ಏಪ್ರಿಲ್ 2ರ ರಾತ್ರಿ ವಾಂಖೆಡೆಯಲ್ಲಿ ಧೋನಿ ಸಿಕ್ಸರ್ ಹೊಡೆದು ವಿಶ್ವಕಪ್ ಗೆಲ್ಲಿಸಿದ ಮೇಲಂತೂ ಊರಿನ ಪ್ರತಿ ಹುಡುಗನೂ ಕೀಪರ್ ಆಗಬೇಕೆಂದವನೇ. ಅಲ್ಲಿಯವರೆಗೆ ಕೀಪರ್ ಅಂದರೆ ಓಡಲು ಬಾರದವನು, ಹಿಂದೆ ನಿಲ್ಲಿಸಿದವನು ಎಂಬ ಭಾವನೆಯಿತ್ತು. ಆ ಬೇಸಿಗೆಯಲ್ಲಿ, ತೊಗರಿ ಕೊಯ್ದು ಖಾಲಿ ಬಿದ್ದ ಎರೆ ಹೊಲದಲ್ಲಿ, ಕಾಲಿಗೆ ಚುಚ್ಚುವ ಕೂಳೆ ಕಿತ್ತು ಪಿಚ್ ಮಾಡಿಕೊಂಡು ಆಡುವಾಗ, ಆ ಗ್ಲೌಸ್ ಯಾರ ಕೈಯಲ್ಲಿದೆ ಎಂಬುದೇ ದೊಡ್ಡ ಸಂಗತಿಯಾಗಿತ್ತು.

ಅದು ನನ್ನ ಕೈಯಲ್ಲಿ ಇರಲಿಲ್ಲ. ನನ್ನ ಅತ್ತೆಯ ಮಗನ ಕೈಯಲ್ಲೂ ಇರಲಿಲ್ಲ. ತಂಡದ ಕೀಪರ್ ನಮಗಿಂತ ಎಂಟು ವರ್ಷ ದೊಡ್ಡವನು, ಮದುವೆಯಾದವನು. ಅವನ ಜಾಗ ನಮಗೆ ಸಿಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ನಮ್ಮ ಪೈಪೋಟಿ ಇದ್ದದ್ದು ಅವನಿಗೆ ಏನಾದರೂ ಆದರೆ ಯಾರು ಎಂಬುದರ ಮೇಲೆ. ಬೇರೆ ಊರಿಗೆ ಪಂದ್ಯಕ್ಕೆ ಹೋಗುವಾಗ ಟಂಟಂನಲ್ಲಿ ಹನ್ನೆರಡು ಜನಕ್ಕೆ ಜಾಗ. ಆ ಹನ್ನೆರಡನೆಯವನು ನಾನೋ ಅವನೋ.

ಬ್ಯಾಟ್ಸ್‌ಮನ್ ಆದವನಿಗೆ ಆರೇಳು ಜಾಗಗಳಿವೆ. ಬೌಲರ್‌ಗೆ ನಾಲ್ಕೈದು. ಒಬ್ಬ ಚೆನ್ನಾಗಿ ಆಡಿದರೆ ಎಲ್ಲೋ ಒಂದು ಕಡೆ ತುರುಕಬಹುದು. ಕೀಪರ್‌ಗೆ ಇರುವುದು ಒಂದೇ ಜಾಗ. ಅಲ್ಲಿದ್ದವನು ಬಿಡುವವರೆಗೆ ಉಳಿದವರು ಎಷ್ಟೇ ಚೆನ್ನಾಗಿದ್ದರೂ ಹೊರಗೇ. ಅಮೆರಿಕದ ಫುಟ್‌ಬಾಲ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನ ಸ್ಥಾನವೂ ಹೀಗೆಯೇ ಅಂತೆ. ಅಲ್ಲಿ ಎರಡನೆಯವನು, ಮೂರನೆಯವನು ಯಾರು ಎಂಬುದಕ್ಕೂ ಪ್ರತಿ ವರ್ಷ ಸ್ಪರ್ಧೆ ನಡೆಯುತ್ತದೆ. ಅದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಓಣಿಯ ಒಬ್ಬ ಕಾಕಾ.

ಕಾಕಾ ಹುಡುಗನಾಗಿದ್ದಾಗಿನಿಂದ ರೇಡಿಯೋ ಕಾಮೆಂಟರಿ ಕೇಳಿದವರು. ನಮ್ಮ ಕಡೆ 1956ರವರೆಗೆ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು ರಾಜ್ಯ. ಕಾಗದದಲ್ಲಿ ರಾಜ್ಯ ಬದಲಾದರೂ ಕಾಕಾನಂಥವರಿಗೆ ಕ್ರಿಕೆಟ್ಟಿನಲ್ಲಿ ಹೈದರಾಬಾದೇ ಸ್ವಂತದ ತಂಡ. ನಾವಿಬ್ಬರೂ ಗ್ಲೌಸಿಗಾಗಿ ಕಚ್ಚಾಡುವುದನ್ನು ನೋಡಿ ಒಂದು ಸಂಜೆ ಕಟ್ಟೆಯ ಮೇಲೆ ಕೂರಿಸಿಕೊಂಡು 1971ರ ಕಥೆ ಹೇಳಿದ್ದರು.

"ಓವಲ್‌ದಾಗ ನಾವು ಗೆದ್ದಾಗ ಇಲ್ಲಿ ಗಣಪತಿ ಕೂಡಿಸಿದ ದಿನ ಇತ್ತು ತಮ್ಮಾ. ಎಂಜಿನಿಯರ್ ಆಡ್ಲತ್ತಿದ್ದ. ನಮ್ಮ ಕೃಷ್ಣಮೂರ್ತಿ, ನಿಮ್ಮ ಕಿರ್ಮಾನಿ ಇಬ್ಬರೂ ಹೊರಗ ಕುಂತಿದ್ದರು. ಅವರ ಪೈಪೋಟಿ ಆಡೋ ಜಾಗಕ್ಕಲ್ಲ, ಕುಂಡ್ರೋ ಜಾಗಕ್ಕ."

ಬೆಂಗಳೂರಿನ ಕಿರ್ಮಾನಿಯನ್ನು 'ನಿಮ್ಮ' ಅಂದದ್ದಕ್ಕೆ ನಾವು ನಕ್ಕೆವು. ಉಳಿದದ್ದು ಆಗ ತಲೆಗೆ ಹೋಗಲಿಲ್ಲ. ಆಮೇಲೆ ಹುಡುಕಿ ಓದಿಕೊಂಡೆ.

1971ರ ಆರಂಭದಲ್ಲಿ ಭಾರತ ವೆಸ್ಟ್ ಇಂಡೀಸಿಗೆ ಹೋದಾಗ ಫಾರೂಕ್ ಎಂಜಿನಿಯರ್ ತಂಡದಲ್ಲಿರಲಿಲ್ಲ. ಐದೂ ಟೆಸ್ಟ್‌ಗಳಲ್ಲಿ ಕೀಪಿಂಗ್ ಮಾಡಿದವರು ಹೈದರಾಬಾದಿನ ಪಿ. ಕೃಷ್ಣಮೂರ್ತಿ. ಗಾವಸ್ಕರ್ ತಮ್ಮ ಮೊದಲ ಸರಣಿಯಲ್ಲೇ 774 ರನ್ ಗಳಿಸಿದ, ಭಾರತ ಅಲ್ಲಿ ಮೊದಲ ಬಾರಿಗೆ ಸರಣಿ ಗೆದ್ದ ಪ್ರವಾಸ ಅದು. ಕೆಲವೇ ತಿಂಗಳ ನಂತರ ಇಂಗ್ಲೆಂಡ್ ಪ್ರವಾಸ. ಲ್ಯಾಂಕಶೈರ್ ಪರ ಆಡುತ್ತಿದ್ದ ಎಂಜಿನಿಯರ್ ಟೆಸ್ಟ್‌ಗಳಿಗೆ ಮಾತ್ರ ಬಂದು ಸೇರಿಕೊಳ್ಳುತ್ತಿದ್ದರು. ಉಳಿದ ಪಂದ್ಯಗಳಿಗೆಂದು ಇಬ್ಬರು ಕೀಪರ್‌ಗಳು: ಕೃಷ್ಣಮೂರ್ತಿ ಮತ್ತು ಇನ್ನೂ ಒಂದೂ ಟೆಸ್ಟ್ ಆಡದ, 21 ವರ್ಷದ ಸೈಯದ್ ಕಿರ್ಮಾನಿ. ಆಗಸ್ಟ್ 24ರಂದು ಓವಲ್‌ನಲ್ಲಿ ಭಾರತ ಇಂಗ್ಲೆಂಡ್ ನೆಲದ ಮೇಲಿನ ಮೊದಲ ಟೆಸ್ಟ್ ಗೆಲುವು ಕಂಡಿತು. ನಮ್ಮ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದರು. ಎಂಜಿನಿಯರ್ ಮೊದಲ ಇನ್ನಿಂಗ್ಸಿನಲ್ಲಿ 59 ಹೊಡೆದರು, ಗೆಲುವಿನ ಹೊತ್ತಿಗೂ ಕ್ರೀಸಿನಲ್ಲಿದ್ದರು. ಎರಡನೆಯ ಕೀಪರ್ ಯಾರೆಂದು ಕೇಳುವ ಅಗತ್ಯವೇ ಅಂದು ಯಾರಿಗೂ ಬರಲಿಲ್ಲ.

ಇನ್ನೊಂದು ಸಂಗತಿ ತಿಳಿದಾಗ ನನಗೆ ಬಹಳ ವಿಚಿತ್ರ ಎನಿಸಿತು. ಕ್ರಿಕೆಟ್ ನಿಯಮದ ಪ್ರಕಾರ ಬಹುಕಾಲ ಬದಲಿ ಆಟಗಾರ ಕೀಪಿಂಗ್ ಮಾಡುವಂತಿರಲಿಲ್ಲ. ಅಂಪೈರ್‌ಗಳ ಒಪ್ಪಿಗೆಯಿದ್ದರೆ ಮಾಡಬಹುದು ಎಂದು ನಿಯಮ ಬದಲಾದದ್ದು 2017ರಲ್ಲಿ. ಅಂದರೆ ಪಂದ್ಯದ ನಡುವೆ ಮೊದಲ ಕೀಪರ್‌ನ ಬೆರಳು ಮುರಿದರೂ, ಅದಕ್ಕೆಂದೇ ಸಾವಿರಾರು ಮೈಲಿ ಕರೆದುಕೊಂಡು ಹೋದವನಿಗೆ ಗ್ಲೌಸ್ ತೊಡಲು ಹಕ್ಕಿಲ್ಲ. ತಂಡದಲ್ಲಿದ್ದ ಯಾವನೋ ಬ್ಯಾಟ್ಸ್‌ಮನ್ ವಿಕೆಟ್ ಹಿಂದೆ ನಿಲ್ಲಬೇಕು. ಎರಡನೆಯವನು ಕಾಯುವುದು ಮುಂದಿನ ಪಂದ್ಯಕ್ಕೆ. ಅದಕ್ಕಾದರೂ ಇನ್ನೊಬ್ಬನಿಗೆ ಏನಾದರೂ ಆಗಬೇಕು, ಇಲ್ಲವೇ ಅವನು ಕೆಟ್ಟದಾಗಿ ಆಡಬೇಕು. ಅದನ್ನು ಬಯಸುವುದು ತಪ್ಪು ಎಂದು ಗೊತ್ತಿದ್ದೂ ಬಯಸದಿರುವುದು ಹೇಗೆ ಎಂಬುದು ನನಗೆ ಹದಿನೈದನೇ ವಯಸ್ಸಿನಲ್ಲಿ ತಿಳಿದಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಅಫಜಲಪುರದಲ್ಲಿ ಒಂದು ಟೂರ್ನಮೆಂಟ್ ಇತ್ತು. ಮೂರು ದಿನ ಮೊದಲು ನಮ್ಮ ಕೀಪರ್‌ನ ಹೆಬ್ಬೆರಳು ಬಾತುಕೊಂಡಿತು. ಬೇವಿನ ಮರದ ಕೆಳಗೆ ಕ್ಯಾಪ್ಟನ್ ನಮ್ಮಿಬ್ಬರಿಗೂ ಇಪ್ಪತ್ತು ಇಪ್ಪತ್ತು ಬಾಲ್ ಎಸೆದು ಪರೀಕ್ಷೆ ಮಾಡಿದ. ನಾನು ಮೂರು ಬಿಟ್ಟೆ. ಅವನು ಒಂದು ಬಿಟ್ಟ. ಎಡಗಡೆ ಹಾರಿದರೆ ಅವನು ಬೆಕ್ಕಿನಂತೆ ನೆಲಕ್ಕೆ ಬೀಳುತ್ತಿದ್ದ, ನಾನು ಚೀಲದಂತೆ ಬೀಳುತ್ತಿದ್ದೆ. ಕ್ಯಾಪ್ಟನ್ ಏನೂ ಹೇಳಲಿಲ್ಲ. ಟೂರ್ನಮೆಂಟಿನ ಹಿಂದಿನ ರಾತ್ರಿ ನಮ್ಮ ಮನೆ ಮುಂದೆ ಗಾಡಿ ನಿಲ್ಲಿಸಿ, "ಮುಂಜಾನಿ ಆರಕ್ಕ ಅಗಸಿ ಹತ್ತಿರ ಬಾ ಅಂತ ಅವನಿಗೆ ಹೇಳು. ನೀನೂ ಬಾ, ಜಾಗ ಇದ್ರ ನೋಡೋಣು" ಅಂದು ಹೋದ.

ಅವನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ನಾನು ಚಪ್ಪಲಿ ಮೆಟ್ಟಿ ಓಣಿಯ ತುದಿಯವರೆಗೆ ಹೋದೆ. ಕರೆಂಟ್ ಹೋಗಿತ್ತು, ಜನ ಹೊರಗೆ ಹೊರಸು ಹಾಕಿ ಮಲಗಿದ್ದರು. ಅಲ್ಲೇ ಸ್ವಲ್ಪ ಹೊತ್ತು ನಿಂತು ವಾಪಸ್ ಬಂದೆ. ಅವ್ವ "ಹೇಳಿದ್ಯಾ?" ಎಂದು ಕೇಳಿದಳು. "ಹೂಂ" ಅಂದೆ.

ಬೆಳಿಗ್ಗೆ ಟಂಟಂ ಅವನಿಗಾಗಿ ಹತ್ತು ನಿಮಿಷ ಕಾಯಿತು. "ನಿದ್ದಿ ಹತ್ತಿರಬೇಕು" ಎಂದು ಯಾರೋ ಅಂದರು. ನಾನು ಸುಮ್ಮನೆ ಕೂತಿದ್ದೆ. ಅಫಜಲಪುರದಲ್ಲಿ ನಮ್ಮ ಕೀಪರ್ ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಪೂರ್ತಿ ಆಡಿದ. ಎರಡು ಪಂದ್ಯ. ನಾನು ಕೊಡದಲ್ಲಿ ನೀರು ತಂದು ಕೊಟ್ಟೆ, ಬೌಂಡರಿ ಆಚೆ ಹೋದ ಬಾಲ್ ಜಾಲಿಕಂಟಿಯಿಂದ ತೆಗೆದುಕೊಟ್ಟೆ. ಆ ಜಾಗಕ್ಕೋಸ್ಕರ ನಾನು ಮಾಡಿದ ಕೆಲಸ ಅದು.

ಸಂಜೆ ಅವನು ಅಗಸಿಯ ಹತ್ತಿರವೇ ಕೂತಿದ್ದ. "ಆಡಿದ್ಯಾ?" ಎಂದು ಕೇಳಿದ. ಇಲ್ಲ ಅಂದೆ. ಮತ್ತೇನೂ ಕೇಳಲಿಲ್ಲ. ಮರುವರ್ಷ ಅವನು ಓದು ಬಿಟ್ಟು ಸೊಲ್ಲಾಪುರದ ಕಡೆ ದುಡಿಯಲು ಹೋದ. ನಾನು ಓದುತ್ತ ಹೋದೆ. ಗ್ಲೌಸ್ ಇಬ್ಬರಿಗೂ ಸಿಗಲಿಲ್ಲ.

ಕಿರ್ಮಾನಿಗೆ ಸಿಕ್ಕಿತು. ಆದರೆ ಅದಕ್ಕೆ ಹಿಡಿದ ಕಾಲ ನೋಡಬೇಕು. 1974ರಲ್ಲಿ ಮತ್ತೆ ಇಂಗ್ಲೆಂಡಿಗೆ ಹೋದರು, ಮತ್ತೆ ಎಂಜಿನಿಯರ್ ಆಡಿದರು. 1975ರ ಮೊದಲ ವಿಶ್ವಕಪ್‌ನಲ್ಲೂ ಅಷ್ಟೇ. ಮೊದಲ ಟೆಸ್ಟ್ ಸಿಕ್ಕದ್ದು 1976ರ ಜನವರಿಯಲ್ಲಿ, ಆಕ್ಲೆಂಡ್‌ನಲ್ಲಿ. ಮುಂದಿನ ಟೆಸ್ಟಿನಲ್ಲೇ ಒಂದು ಇನ್ನಿಂಗ್ಸಿನಲ್ಲಿ ಆರು ಜನರನ್ನು ಔಟ್ ಮಾಡಿ ಆಗಿನ ವಿಶ್ವ ದಾಖಲೆಯನ್ನು ಸರಿಗಟ್ಟಿದರು. ಆ ಪ್ರವಾಸದಲ್ಲಿ ಎರಡನೇ ಕೀಪರ್ ಆಗಿ ಹೊರಗೆ ಕೂತವರು ಅದೇ ಕೃಷ್ಣಮೂರ್ತಿ. ಅವರಿಗೆ ಒಂದು ಏಕದಿನ ಪಂದ್ಯ ಸಿಕ್ಕಿತು. ವೆಸ್ಟ್ ಇಂಡೀಸಿನ ಆ ಐದರ ನಂತರ ಆರನೆಯ ಟೆಸ್ಟ್ ಸಿಗಲೇ ಇಲ್ಲ. ಕಿರ್ಮಾನಿ ಆಡಿದ್ದು 88.

ಹಾಗಂತ ಕಿರ್ಮಾನಿ ನಿಶ್ಚಿಂತರಾದರು ಅಂತಲೂ ಅಲ್ಲ. 1979ರಲ್ಲಿ ವಿಶ್ವಕಪ್‌ಗೂ ಇಂಗ್ಲೆಂಡ್ ಪ್ರವಾಸಕ್ಕೂ ಅವರನ್ನು ಕೈಬಿಟ್ಟರು. ತಮಿಳುನಾಡಿನ ಭರತ್ ರೆಡ್ಡಿ ಅಲ್ಲಿ ನಾಲ್ಕು ಟೆಸ್ಟ್ ಆಡಿದರು. ರೆಡ್ಡಿಯವರ ಟೆಸ್ಟ್ ಬದುಕು ಅಷ್ಟೇ, ಆ ನಾಲ್ಕೇ. ಅದೇ ನವೆಂಬರಿನಲ್ಲಿ ಬಾಂಬೆಯಲ್ಲಿ ನೈಟ್‌ವಾಚ್‌ಮನ್ ಆಗಿ ಇಳಿದ ಕಿರ್ಮಾನಿ ಆಸ್ಟ್ರೇಲಿಯಾ ವಿರುದ್ಧ ಔಟಾಗದೆ 101 ಹೊಡೆದರು. ಒಬ್ಬರ ವಾಪಸಾತಿ ಇನ್ನೊಬ್ಬರ ಕೊನೆ. ಕೀಪರ್‌ಗಳ ಚರಿತ್ರೆಯನ್ನು ಹೇಗೆ ಬರೆದರೂ ಹೀಗೇ ಬರುತ್ತದೆ.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಕಳೆದ ವರ್ಷ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರ ಒಂದು ಹುದ್ದೆಗೆ ನಾನೂ, ನಮ್ಮ ವಿಭಾಗದಲ್ಲೇ ಪಿಎಚ್.ಡಿ. ಮಾಡುತ್ತಿರುವ ಗೆಳತಿಯೂ ಅರ್ಜಿ ಹಾಕಿದ್ದೆವು. ಮೊದಲ ಹೆಸರು ಬೇರೆಯವರದು. ಅವಳದು ವೇಟಿಂಗ್ ಲಿಸ್ಟಿನಲ್ಲಿ ಒಂದು, ನನ್ನದು ಎರಡು. ಒಂದೇ ಮೇಜಿನ ಮೇಲೆ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ ನಾವು ಆ ಪಟ್ಟಿ ಬಂದ ಮೇಲೆ ಹದಿನೈದು ದಿನ ಊಟಕ್ಕೆ ಬೇರೆ ಬೇರೆ ಹೊತ್ತಿಗೆ ಹೋದೆವು. ಹುದ್ದೆ ಸಿಕ್ಕವರ ಮೇಲೆ ಇಬ್ಬರಿಗೂ ಸಿಟ್ಟಿರಲಿಲ್ಲ. ಒಂದು ಮಧ್ಯಾಹ್ನ ಕಾಲೇಜಿನಿಂದ ನನಗೆ ಫೋನ್ ಬಂತು. "ಮೊದಲನೆಯವರು ಬರೋದು ಡೌಟ್ ಅದ. ಮೇಡಂ ಫೋನ್ ಹತ್ತವಲ್ದು. ನಾಳೆ ಹತ್ತಕ್ಕ ಒರಿಜಿನಲ್ ತಗೊಂಡು ಬರ್ರಿ ಅಂತ ಅವರಿಗಿ ಹೇಳ್ತೀರೇನ್ರಿ? ನೀವೂ ಬಂದಿರ್ರಿ."

ಹಾಸ್ಟೆಲ್ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿತ್ತು. ನಾನು ಒಂದು ಗಂಟೆ ಸುಮ್ಮನೆ ಮಲಗಿದ್ದೆ. ಒಂದು ಗಂಟೆ ಎಂಬುದನ್ನು ಮುಚ್ಚಿಡುವುದಿಲ್ಲ. ಆಮೇಲೆ ಲೈಬ್ರರಿಗೆ ನಡೆದುಹೋಗಿ ಅವಳಿಗೆ ಹೇಳಿದೆ. ಮರುದಿನ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋದೆವು. ಮೊದಲನೆಯವರು ಹತ್ತೂವರೆಗೆ ಬಂದು ಸಹಿ ಮಾಡಿದರು. ನಾವು ಹೊರಗೆ ಸುಸಲಾ, ಮಿರ್ಚಿ ತಿಂದು ವಾಪಸ್ ಬಂದೆವು. ಬಸ್ಸಿನಲ್ಲಿ ಅವಳು ನನ್ನ ಅಧ್ಯಾಯದ ಬಗ್ಗೆ ಕೇಳಿದಳು.

ಆ ರಾತ್ರಿ ಅತ್ತೆಯ ಮಗನಿಗೆ ಫೋನ್ ಮಾಡಿದೆ. ಅದೂ ಇದೂ ಮಾತಾಡಿ, ಕೊನೆಗೆ ಅಫಜಲಪುರದ ವಿಷಯ ತೆಗೆದೆ. ಆ ರಾತ್ರಿ ಕ್ಯಾಪ್ಟನ್ ಹೇಳಿ ಕಳಿಸಿದ್ದನ್ನು ನಾನು ಹೇಳಲಿಲ್ಲ ಎಂದೆ.

"ಗೊತ್ತದ ಲೇ" ಅಂದ. "ಮರುದಿನಾನೇ ಕ್ಯಾಪ್ಟನ್ ಕೇಳಿದ್ದ, ಯಾಕ ಬರಲಿಲ್ಲ ಅಂತ. ನಿದ್ದಿ ಹತ್ತಿತ್ತು ಅಂದೆ."

"ಯಾಕ ಹಂಗ ಅಂದಿ?"

"ಮತ್ತೇನು ಅನ್ನಬೇಕಿತ್ತು? ನನ್ನ ಕೈಯಾಗ ನಿರೋಪ ಕೊಟ್ಟಿದ್ರ ನಾನೂ ನಿನಗ ಹೇಳ್ತಿದ್ದಿಲ್ಲ."

ಅವನು ನಕ್ಕ. ನಾನೂ ನಗಬೇಕಿತ್ತು, ಆಗಲಿಲ್ಲ. ಇಪ್ಪತ್ತರಲ್ಲಿ ಒಂದೇ ಬಾಲ್ ಬಿಟ್ಟವನು ಅವನು. ಅವನಿಗೆ ಹಾಗೆ ಮಾಡುವ ಅಗತ್ಯ ಬರುತ್ತಿರಲಿಲ್ಲ. ಅದನ್ನು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಅವನು, ಶಿಫ್ಟಿಗೆ ಹೊತ್ತಾಯಿತು, ಜಾತ್ರೆಗೆ ಊರಿಗೆ ಬಂದಾಗ ಮಾತಾಡೋಣ ಎಂದು ಫೋನ್ ಇಟ್ಟ.