ಜಾಲಹಳ್ಳಿಯಲ್ಲೊಂದು ಮಧ್ಯಾಹ್ನ

ಬೆಂಗಳೂರಿನ ವಾಯವ್ಯಕ್ಕಿರುವ ಜಾಲಹಳ್ಳಿಗೆ, ನಮ್ಮ ಭಾವಮೈದುನರ ಮನೆಗೆಂದು, ನಾವು ಈಚೆಗೆ ಹೋಗಿದ್ದೆವು. 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದಾಗಿ ರೇಡಿಯೋ ವಿದ್ಯೆಯು ಇಲ್ಲಿ ಮನೆಮಾತಾಗಿದೆ. ವಾಯುಪಡೆಯ ನೆಲೆಯೂ ಇಲ್ಲಿಯೇ ಇರುವುದು. ಭಾವಮೈದುನರೂ ಅಂತಹ ಯಂತ್ರಗಳ ನಡುವೆಯೇ ತಲೆ ನರೆಸಿಕೊಂಡವರು.

ಅವರ ಮಗಳು ಜಕ್ಕೂರಿನಲ್ಲಿ ವಿಮಾನ ನಡೆಸಲು ಕಲಿಯುತ್ತಿರುವಳು. “ಅಪ್ಪಾ, ಹೆಡ್‌ಸೆಟ್ಟು ಕೆಟ್ಟಿತು. ಎಂಜಿನ್ನಿನ ಮೊರೆತದಲ್ಲಿ ನಿಲ್ದಾಣದವರ ಮಾತು ಅರ್ಧ ಕೇಳುವುದಿಲ್ಲ” ಎಂದಳು. ಅರ್ಧ ಕೇಳಿ ಉಳಿದುದನ್ನು ಊಹಿಸಿದರೆ ಪಾಠಶಾಲೆಯಲ್ಲಿ ನಗೆಪಾಟಲು, ಆಕಾಶದಲ್ಲಾದರೋ ಪ್ರಾಣಾಪಾಯ!

ಇದರ ಮರ್ಮವನ್ನು ಭಾವಮೈದುನರು ನಮಗೆ ತಿಳಿಸಿದರು. ಕಿವಿಬಟ್ಟಲಿನ ಪುಟ್ಟ ಮೈಕು ಗದ್ದಲವನ್ನು ಗ್ರಹಿಸುವುದು; ಯಂತ್ರವು ಅದಕ್ಕೆ ವಿಲೋಮವಾದ ಧ್ವನಿಯನ್ನು ಹೊರಡಿಸುವುದು; ಒಂದರ ಉಬ್ಬು ಇನ್ನೊಂದರ ತಗ್ಗನ್ನು ಸೇರಿ ಮೊರೆತವು ಬಹುಮಟ್ಟಿಗೆ ಶಮನವಾಗುವುದು. ಬಂಗಾಳಿ ತಂದೆಯ ಮಗನಾದ ಅಮರ್ ಬೋಸರಿಗೆ 1978ರಲ್ಲಿ ವಿಮಾನದಲ್ಲಿ ಕುಳಿತಿರುವಾಗಲೇ ಈ ಯೋಚನೆ ಹೊಳೆಯಿತಂತೆ. 1989ರಲ್ಲಿ ಅವರ ಸಂಸ್ಥೆಯ ಹೆಡ್‌ಸೆಟ್ಟು ವೈಮಾನಿಕರಿಗೆ ದೊರೆಯಿತು.

ಮೊದಲು ಹೊಸ ಬ್ಯಾಟರಿ ಹಾಕಿದರು, ಗುಣ ಕಾಣಲಿಲ್ಲ. ಕಿವಿಮೆತ್ತೆಯನ್ನು ಪರೀಕ್ಷಿಸಿದರು, ಬಿರುಕಿಲ್ಲ. ಬಳಿಕ ಮಗಳನ್ನು ನೀರೆತ್ತುವ ಮೋಟಾರಿನ ಬಳಿ ನಿಲ್ಲಿಸಿ, “ಕನ್ನಡಕ ತೆಗೆಯಮ್ಮ” ಎಂದರು. ತೆಗೆದೊಡನೆ ಮೊರೆತವಡಗಿತು! ಕನ್ನಡಕದ ದಪ್ಪ ಕಡ್ಡಿಯು ಮೆತ್ತೆಯನ್ನೆತ್ತಿ ಸಂದು ಮಾಡಿತ್ತು. ಆ ಸಂದಿನಿಂದ ಗದ್ದಲವು ನುಗ್ಗುತ್ತಿತ್ತು. ತೆಳುವಾದ ಕಡ್ಡಿಯ ಕನ್ನಡಕವೇ ಔಷಧವೆಂದು ನಿಶ್ಚಯವಾಯಿತು.

ಮೂವತ್ತು ವರುಷ ಮಕ್ಕಳಿಗೆ ಸಂಧಿಪ್ರಕರಣವನ್ನು ಬೋಧಿಸಿದ ನಮಗೆ, ದೋಷವು ಸಂಧಿಯಲ್ಲಿಯೇ ಇದ್ದೀತೆಂಬುದು ಹೊಳೆಯಲಿಲ್ಲವಲ್ಲಾ ಎಂದುಕೊಂಡು ನಗುತ್ತ ಊರಿಗೆ ಮರಳಿದೆವು.